ಆವ್ರೊ ಕಟ್ಟಿದ ನಾವು ಎಟಿಆರ್ ಯಾಕೆ ಕೊಳ್ಳುತ್ತಿದ್ದೇವೆ?

ಪ್ರಶ್ನೆ: ರಷ್ಯಾದ ಎಸ್‌ಜೆ-100 ವಿಮಾನವನ್ನು ಎಚ್‌ಎಎಲ್ ಇಲ್ಲೇ ತಯಾರಿಸಲಿದೆ ಎಂದು ಸುದ್ದಿ ಬಂದಾಗ, ಆವ್ರೊ ಬಿಟ್ಟರೆ ದೇಶದಲ್ಲಿ ಪೂರ್ತಿಯಾಗಿ ತಯಾರಾಗುವ ಪ್ರಯಾಣಿಕ ವಿಮಾನ ಇದೇ ಎಂದು ಬರೆದಿದ್ದರು. ಆವ್ರೊ ಅಂದರೆ ವಾಯುಪಡೆಯ ಹಳೇ ಸಾಗಣೆ ವಿಮಾನ ಅಂದುಕೊಂಡಿದ್ದೆ. ಅದು ಪ್ರಯಾಣಿಕ ವಿಮಾನವಾ? ಅಷ್ಟು ಹಿಂದೆಯೇ ಅದನ್ನು ಕಟ್ಟಿದ್ದರೆ, ಇವತ್ತು ಸಣ್ಣ ಊರುಗಳಿಗೆ ಹಾರಲು ಫ್ರಾನ್ಸಿನಿಂದ ಎಟಿಆರ್ ತರಿಸುವುದು ಯಾಕೆ? ಮತ್ತೆ, ಈ ಕಾಲದಲ್ಲೂ ಫ್ಯಾನ್ ತಿರುಗುವ ವಿಮಾನ ಯಾಕೆ ಬೇಕು?

ಉತ್ತರ: ಹೌದು, ಆವ್ರೊ 748 ಹುಟ್ಟಿದ್ದೇ ಪ್ರಯಾಣಿಕ ವಿಮಾನವಾಗಿ. ನಲವತ್ತು-ಐವತ್ತು ಜನರನ್ನು ಹತ್ತಿಸಿಕೊಂಡು, ಚಿಕ್ಕ ರನ್‌ವೇಯಿಂದ ಎದ್ದು, ಮುನ್ನೂರು-ನಾನೂರು ಕಿಲೋಮೀಟರ್ ಆಚೆಯ ಇನ್ನೊಂದು ಚಿಕ್ಕ ರನ್‌ವೇಯಲ್ಲಿ ಇಳಿಯಬೇಕು. ಅದಕ್ಕೆ ಕೊಟ್ಟ ಕೆಲಸ ಇಷ್ಟೇ. ಇವತ್ತು ಎಟಿಆರ್ ಮಾಡುತ್ತಿರುವುದೂ ಅದನ್ನೇ. ನಮ್ಮ ವಾಯುಪಡೆಯಲ್ಲಿ ಅದು ಎಷ್ಟು ಕಾಲ ಹಾರಿತೆಂದರೆ, ಅದರ ಮೂಲ ಗುರುತೇ ಜನರಿಗೆ ಮರೆತುಹೋಯಿತು.

ಎಟಿಆರ್ ಯಾಕೆ ಅನ್ನುವುದಕ್ಕೆ ನನ್ನ ಚಿಕ್ಕ ಉತ್ತರ: ಆವ್ರೊವನ್ನು ನಾವು ಕಟ್ಟಿದೆವು, ರೂಪಿಸಲಿಲ್ಲ. ಈ ಎರಡೂ ಬೇರೆ ಬೇರೆ ವಿದ್ಯೆ. ಉದ್ದದ ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1957ರಲ್ಲಿ ಬ್ರಿಟನ್ನಿನ ರಕ್ಷಣಾ ಸಚಿವ ಡಂಕನ್ ಸ್ಯಾಂಡಿಸ್ ಒಂದು ಶ್ವೇತಪತ್ರ ಹೊರಡಿಸಿದರು. ಇನ್ನು ಮುಂದೆ ಕ್ಷಿಪಣಿಗಳ ಕಾಲ, ಪೈಲಟ್ ಕೂತು ಹಾರಿಸುವ ಹೊಸ ಯುದ್ಧವಿಮಾನಗಳು ಹೆಚ್ಚು ಬೇಕಾಗಿಲ್ಲ ಅನ್ನುವುದು ಅದರ ಸಾರ. ಲ್ಯಾಂಕಾಸ್ಟರ್, ವಲ್ಕನ್‌ನಂಥ ಬಾಂಬರ್‌ಗಳನ್ನು ಮಾಡಿ ಬದುಕಿದ್ದ ಆವ್ರೊ ಕಂಪನಿಗೆ ದಿಗಿಲಾಯಿತು. ಸೇನೆಯ ಆರ್ಡರ್ ನಿಂತರೆ ಗತಿಯೇನು? ಹಾಗಾಗಿ ಕಂಪನಿ ನಾಗರಿಕ ವಿಮಾನಗಳ ಕಡೆ ತಿರುಗಿತು.

ಆಗ ಎಲ್ಲ ಕಂಪನಿಗಳ ಕಣ್ಣೂ ಇದ್ದದ್ದು ಡಾಕೋಟಾ ಮೇಲೆ, ಅಂದರೆ ಅಮೆರಿಕದ ಡಿಸಿ-3 ವಿಮಾನದ ಮೇಲೆ. 1935ರಲ್ಲಿ ಮೊದಲು ಹಾರಿದ ಡಿಸಿ-3 ಎರಡನೇ ಮಹಾಯುದ್ಧದಲ್ಲಿ ಸಾವಿರಗಟ್ಟಲೆ ತಯಾರಾಗಿತ್ತು. ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಸಿಕ್ಕಿತು. ಲೋಕದ ಅರ್ಧದಷ್ಟು ವಿಮಾನ ಸಂಸ್ಥೆಗಳು ಅದರ ಮೇಲೆಯೇ ಬೆಳೆದವು ಅಂದರೂ ತಪ್ಪಿಲ್ಲ. ಆದರೆ ಅದಕ್ಕೆ ಪಿಸ್ಟನ್ ಎಂಜಿನ್, ಒಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇಲ್ಲ. ಮೋಡದ ಮೇಲೆ ಏರಲಾಗದೆ, ಮೋಡದೊಳಗೇ ಕುಲುಕುತ್ತಾ ಹೋಗಬೇಕು. ಅದರ ಜಾಗಕ್ಕೆ ಯಾರ ವಿಮಾನ ಬರುತ್ತದೋ ಅವರಿಗೆ ದೊಡ್ಡ ಮಾರುಕಟ್ಟೆ ಕಾದಿತ್ತು. ಹಾಲೆಂಡಿನ ಫೋಕರ್ ಮುಂದಿತ್ತು. ಅದರ ಎಫ್-27 ಫ್ರೆಂಡ್‌ಶಿಪ್ 1955ರಲ್ಲೇ ಹಾರಿಯಾಗಿತ್ತು. ಬ್ರಿಟನ್ನಿನಲ್ಲೇ ಹ್ಯಾಂಡ್ಲಿ ಪೇಜ್ ಕಂಪನಿಯ ಹೆರಾಲ್ಡ್ ಇತ್ತು. ಆವ್ರೊ ಬಂದದ್ದು ತಡವಾಗಿ. ಶುರುವಿನಲ್ಲಿ ಇಪ್ಪತ್ತು ಸೀಟಿನ ವಿಮಾನದ ನಕ್ಷೆ ಬರೆದರು. ಇಷ್ಟು ಚಿಕ್ಕದು ನಮಗೆ ಬೇಡ ಅಂದವು ವಿಮಾನ ಸಂಸ್ಥೆಗಳು. ದೊಡ್ಡದು ಮಾಡಿದರು. ಮ್ಯಾಂಚೆಸ್ಟರ್ ಹತ್ತಿರದ ವುಡ್‌ಫರ್ಡ್‌ನಲ್ಲಿ 1960ರ ಜೂನ್ 24ರಂದು 748 ಮೊದಲ ಬಾರಿ ಹಾರಿತು.

ತಡವಾಗಿ ಬಂದವರಿಗೆ ಒಂದು ಅನುಕೂಲವೂ ಇರುತ್ತದೆ. ಮುಂದೆ ಹೋದವರು ಏನು ಮಾಡಿದ್ದಾರೆ ಅಂತ ನೋಡಿ, ಬೇರೆ ದಾರಿ ಹಿಡಿಯಬಹುದು. ಫೋಕರ್ ಮತ್ತು ಹೆರಾಲ್ಡ್ ಎರಡಕ್ಕೂ ರೆಕ್ಕೆ ಮೇಲೆ, ಛಾವಣಿಯ ಮಟ್ಟದಲ್ಲಿ. ಆವ್ರೊ ರೆಕ್ಕೆಯನ್ನು ಕೆಳಗಿಟ್ಟಿತು. ರೆಕ್ಕೆ ಕೆಳಗಿದ್ದರೆ ಚಕ್ರದ ಕಾಲು ಗಿಡ್ಡ ಸಾಕು. ಗಿಡ್ಡ ಕಾಲು ಹಗುರ, ಗಟ್ಟಿ, ಮಡಚುವುದೂ ಸುಲಭ. ಎಂಜಿನ್, ಇಂಧನದ ಮುಚ್ಚಳ ಎಲ್ಲವೂ ಮೆಕ್ಯಾನಿಕ್‌ಗೆ ಹೆಚ್ಚು ಎತ್ತರ ಹತ್ತದೆ ಕೈಗೆ ಸಿಗುತ್ತವೆ. ಆದರೆ ಒಂದು ತೊಂದರೆ ಇದೆ. 748ರ ಪ್ರೊಪೆಲರ್‌ನ ಅಡ್ಡಳತೆ 3.66 ಮೀಟರ್. ರೆಕ್ಕೆ ಕೆಳಗಿದ್ದರೆ ಅಷ್ಟು ದೊಡ್ಡ ಪ್ರೊಪೆಲರ್ ನೆಲಕ್ಕೆ ತಾಗುತ್ತದೆ. ಅದಕ್ಕೆ ಎಂಜಿನನ್ನು ರೆಕ್ಕೆಯ ಮೇಲ್ಗಡೆ ಕೂರಿಸಿದರು, ಅದರ ಕೆಳಗೆ ಮುಂದಕ್ಕೆ ಮಡಚಿಕೊಳ್ಳುವ ಚಕ್ರಗಳಿಗೆ ಜಾಗ ಮಾಡಿದರು. ಆವ್ರೊ ನೋಡಿದವರಿಗೆ ಎಂಜಿನ್ ಭಾಗ ದಪ್ಪಗೆ, ಗಲ್ಲ ಊದಿಕೊಂಡ ಹಾಗೆ ಕಾಣುವುದು ಇದರಿಂದಲೇ. ಚೆಂದಕ್ಕೆ ಫೋಕರ್‌ಗೆ ಒಂದು ಅಂಕ ಜಾಸ್ತಿ ಕೊಡುತ್ತೇನೆ. ಪ್ರಯಾಣಿಕರಿಗೂ ಫೋಕರ್ ಇಷ್ಟ, ಕಿಟಕಿಯಿಂದ ಕೆಳಗೆ ನೋಡಲು ರೆಕ್ಕೆ ಅಡ್ಡ ಬರುವುದಿಲ್ಲ ಅಲ್ವಾ. ಆದರೆ ಜಲ್ಲಿ ಹಾಸಿದ ಪಟ್ಟಿಯಲ್ಲಿ ದಿನಾ ಇಳಿಸುವ ಕೆಲಸ ಕೊಟ್ಟರೆ ನಾನು ಆವ್ರೊವನ್ನೇ ಆರಿಸುತ್ತೇನೆ.

ಎರಡನೇ ಸಂಗತಿ ಕಣ್ಣಿಗೆ ಕಾಣದ್ದು. ನನ್ನ ಪ್ರಕಾರ ಈ ವಿಮಾನದ ನಿಜವಾದ ಬಲ ಅದೇ. 1954ರಲ್ಲಿ ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದುಹೋಗಿದ್ದವು. ಲೋಹ ದಣಿದು ಬಿರುಕು ಬಿಟ್ಟಿತ್ತು. ಅಲ್ಲಿಯವರೆಗೆ ಒಂದು ಭಾಗಕ್ಕೆ ಇಂತಿಷ್ಟು ಗಂಟೆಯ ಆಯಸ್ಸು ಅಂತ ಲೆಕ್ಕ ಹಾಕಿ, ಮುಗಿದ ಕೂಡಲೇ ಬದಲಿಸುವುದು ರೂಢಿ. 748ರ ವಿನ್ಯಾಸಕರು ಇನ್ನೊಂದು ರೀತಿ ಯೋಚಿಸಿದರು. ಬಿರುಕು ಬಂದೇ ಬರುತ್ತದೆ ಅಂತ ಮೊದಲೇ ಒಪ್ಪಿಕೊಂಡರು. ಹಗ್ಗದ ಒಂದು ಎಳೆ ಹರಿದರೂ ಉಳಿದ ಎಳೆಗಳು ಭಾರ ಹೊರುವಂತೆ, ಯಾವುದೇ ಒಂದು ಭಾಗ ಸೋತರೂ ಅಕ್ಕಪಕ್ಕದ ಭಾಗಗಳು ತಾಳಿಕೊಳ್ಳುವ ಹಾಗೆ ಇಡೀ ಚೌಕಟ್ಟನ್ನು ಕಟ್ಟಿದರು. ತಪಾಸಣೆಯಲ್ಲಿ ಬಿರುಕು ಸಿಕ್ಕರೆ ಆ ಭಾಗವನ್ನು ರಿಪೇರಿ ಮಾಡಿದರಾಯಿತು, ವಿಮಾನ ಮತ್ತೆ ಹಾರುತ್ತದೆ. ಇವತ್ತು ಇದು ಮಾಮೂಲು ಮಾತು. 1950ರ ದಶಕದ ಕೊನೆಯಲ್ಲಿ ಒಂದು ಸಣ್ಣ ವಿಮಾನಕ್ಕೆ ಹೀಗೆ ಯೋಚಿಸಿದ್ದು ದೊಡ್ಡದು. ಈ ವಿಮಾನಗಳು ನಲವತ್ತು-ಐವತ್ತು ವರ್ಷ ದುಡಿದದ್ದಕ್ಕೆ ಮುಖ್ಯ ಕಾರಣ ಇದು.

ಇನ್ನು ನಿಮ್ಮ ಫ್ಯಾನ್ ಪ್ರಶ್ನೆ. ನೀವು ಹೇಳಿದ ಫ್ಯಾನ್ ವಿಮಾನಕ್ಕೆ ಟರ್ಬೊಪ್ರಾಪ್ ಅನ್ನುತ್ತಾರೆ, ಅದರ ಒಳಗಿರುವುದೂ ಜೆಟ್ ಎಂಜಿನ್ನೇ. ವ್ಯತ್ಯಾಸ ಇಷ್ಟು: ಬಿಸಿಗಾಳಿಯನ್ನು ಹಿಂದಕ್ಕೆ ಚಿಮ್ಮಿಸಿ ಮುಂದೆ ಹೋಗುವ ಬದಲು, ಆ ಶಕ್ತಿಯ ಬಹುಪಾಲನ್ನು ಪ್ರೊಪೆಲರ್ ತಿರುಗಿಸಲು ಬಳಸುತ್ತದೆ. ಸ್ವಲ್ಪ ಗಾಳಿಯನ್ನು ಜೋರಾಗಿ ತಳ್ಳುವುದಕ್ಕಿಂತ ಜಾಸ್ತಿ ಗಾಳಿಯನ್ನು ನಿಧಾನವಾಗಿ ತಳ್ಳಿದರೆ ಇಂಧನ ಉಳಿಯುತ್ತದೆ. ಗಂಟೆಗೆ 450-500 ಕಿಲೋಮೀಟರ್ ವೇಗದಲ್ಲಿ ಈ ಲೆಕ್ಕ ಚೆನ್ನಾಗಿ ಕೂಡಿಬರುತ್ತದೆ. ಮುನ್ನೂರು ಕಿಲೋಮೀಟರ್ ದಾರಿಯಲ್ಲಿ ಜೆಟ್ ತನ್ನ ಎತ್ತರಕ್ಕೆ ಏರುವಷ್ಟರಲ್ಲಿ ಇಳಿಯುವ ಸಮಯ ಬಂದಿರುತ್ತದೆ. ಉಳಿಯುವುದು ಹತ್ತೋ ಹದಿನೈದೋ ನಿಮಿಷ, ಅದಕ್ಕೆ ಸುರಿಯುವ ಇಂಧನ ಎಷ್ಟೋ ಜಾಸ್ತಿ. ಹಾಗಾಗಿ ಫ್ಯಾನ್ ಅಂದರೆ ಹಳೇದು ಅನ್ನುವುದು ಸುಮ್ನೆ ಭ್ರಮೆ.

748ಕ್ಕೆ ಹಾಕಿದ್ದು ರೋಲ್ಸ್-ರಾಯ್ಸ್ ಡಾರ್ಟ್ ಎಂಜಿನ್. ಲೋಕದ ಮೊದಲ ಟರ್ಬೊಪ್ರಾಪ್ ಪ್ರಯಾಣಿಕ ವಿಮಾನ ವೈಕೌಂಟ್‌ಗೂ ಇದೇ, ಫೋಕರ್ ಎಫ್-27ಕ್ಕೂ ಇದೇ, ಜಪಾನಿನ ವೈಎಸ್-11ಕ್ಕೂ ಇದೇ. ವಿನ್ಯಾಸ ಶುರುವಾದದ್ದು 1940ರ ದಶಕದಲ್ಲಿ, ಹಾಗಾಗಿ ಸರಳ. ಒಂದೇ ಉದ್ದದ ದಂಡ, ಅದರ ಮೇಲೆ ಎರಡು ಹಂತದ ಗಾಳಿ ಒತ್ತುವ ಚಕ್ರಗಳು ಮತ್ತು ಟರ್ಬೈನ್. ಆ ದಂಡ ನಿಮಿಷಕ್ಕೆ 15,000 ಸುತ್ತು ತಿರುಗುತ್ತದೆ, ಗೇರ್‌ಬಾಕ್ಸ್ ಅದನ್ನು ಪ್ರೊಪೆಲರ್‌ಗೆ ಸುಮಾರು 1,400 ಸುತ್ತಿಗೆ ಇಳಿಸುತ್ತದೆ. ಎಲ್ಲವೂ ಒಂದಕ್ಕೊಂದು ಕಚ್ಚಿಕೊಂಡಿರುವುದರಿಂದ ನೆಲದಲ್ಲಿ ನಿಂತಾಗಲೂ ಕಿವಿ ಕೊರೆಯುವ ಕಿರುಗು ಶಬ್ದ. ಆವ್ರೊ ಹತ್ತಿರ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ಮೊದಲು ಹೇಳುವುದು ಆ ಶಬ್ದದ ಬಗ್ಗೆಯೇ. ಇಂಧನ ಕುಡಿಯುವುದರಲ್ಲೂ ಡಾರ್ಟ್ ಕಡಿಮೆಯೇನಲ್ಲ. ಆದರೆ ಕೈಕೊಡುವುದು ಅಪರೂಪ.

ಇಂಥ ವಿಮಾನಕ್ಕೆ ಬಿಸಿ ದೇಶದಲ್ಲಿ ಒಂದು ಕಷ್ಟ ಇದೆ. ಬಿಸಿಗಾಳಿ ತೆಳು. 15 ಡಿಗ್ರಿಯಲ್ಲಿರುವ ಗಾಳಿಗೆ ಹೋಲಿಸಿದರೆ 40 ಡಿಗ್ರಿಯ ಗಾಳಿಯ ಸಾಂದ್ರತೆ ಸುಮಾರು ಶೇಕಡಾ 8ರಷ್ಟು ಕಡಿಮೆ. ರೆಕ್ಕೆಗೂ ಹಿಡಿತ ಕಡಿಮೆ, ಎಂಜಿನ್‌ಗೂ ಉಸಿರು ಕಡಿಮೆ. ಇದರ ಮೇಲೆ ಇನ್ನೊಂದು ನಿಯಮ: ನೆಲ ಬಿಡುವ ಹೊತ್ತಿಗೆ ಒಂದು ಎಂಜಿನ್ ನಿಂತುಹೋದರೂ ಇನ್ನೊಂದರ ಬಲದಲ್ಲೇ ವಿಮಾನ ಮೇಲೇರಬೇಕು. ಆಗುವುದಿಲ್ಲ ಅಂದರೆ ಭಾರ ಇಳಿಸಿ, ಅಂದರೆ ಪ್ರಯಾಣಿಕರನ್ನೋ ಸಾಮಾನನ್ನೋ ಬಿಟ್ಟು ಹೋಗಿ. ಡಾರ್ಟ್‌ಗೆ ಇದಕ್ಕೊಂದು ಉಪಾಯ ಇತ್ತು. ಟೇಕಾಫ್ ಹೊತ್ತಿನಲ್ಲಿ ನೀರು ಮತ್ತು ಮೆಥನಾಲ್ ಬೆರೆಸಿ ಎಂಜಿನ್‌ಗೆ ಚಿಮ್ಮಿಸುವುದು. ನೀರು ಆವಿಯಾಗುವಾಗ ಒಳಗೆ ಬರುವ ಗಾಳಿ ತಣ್ಣಗಾಗಿ ಸಾಂದ್ರವಾಗುತ್ತದೆ, ಎಂಜಿನ್‌ಗೆ ಜಾಸ್ತಿ ಗಾಳಿ ಸಿಗುತ್ತದೆ. ಮೆಥನಾಲ್ ಉರಿದು ತಾನೂ ಸ್ವಲ್ಪ ಶಕ್ತಿ ಕೊಡುತ್ತದೆ, ಮೇಲೆ ಹೋದಾಗ ನೀರು ಹೆಪ್ಪುಗಟ್ಟದ ಹಾಗೂ ನೋಡಿಕೊಳ್ಳುತ್ತದೆ. ಹೀಗೆ ಬಿಸಿಲಲ್ಲಿ ಕಳೆದುಹೋದ ಶಕ್ತಿಯ ಒಂದಷ್ಟು ಪಾಲನ್ನು ವಾಪಸ್ ಪಡೆಯುತ್ತಿದ್ದರು. 748ರ ಒಂದೊಂದು ಹೊಸ ಮಾದರಿಗೂ ಇನ್ನಷ್ಟು ಬಲದ ಡಾರ್ಟ್ ಬಂದದ್ದಕ್ಕೆ ಇಂಥ ಬಿಸಿ ಊರುಗಳೂ, ಎತ್ತರದ ಊರುಗಳೂ ಕಾರಣ.

ಈಗ ಕಾನ್ಪುರಕ್ಕೆ ಬರೋಣ. ನಮ್ಮ ವಾಯುಪಡೆಯ ಬಳಿಯೂ ರಾಶಿ ಡಾಕೋಟಾಗಳಿದ್ದವು, ಅವಕ್ಕೆ ವಯಸ್ಸಾಗುತ್ತಿತ್ತು. ಕೃಷ್ಣ ಮೆನನ್ ರಕ್ಷಣಾ ಸಚಿವರು. ಸುಮ್ನೆ ಕೊಳ್ಳುವುದು ಬೇಡ, ಇಲ್ಲೇ ಕಟ್ಟೋಣ ಅನ್ನುವುದು ಅವರ ಪಟ್ಟು. 1959ರಲ್ಲಿ, ಅಂದರೆ ವಿಮಾನ ಇನ್ನೂ ಒಮ್ಮೆಯೂ ಹಾರುವ ಮೊದಲೇ, ಪರವಾನಗಿ ಒಪ್ಪಂದವಾಯಿತು. ಧೈರ್ಯ ಅನ್ನಿ, ದುಡುಕು ಅನ್ನಿ, ಎರಡೂ ಸ್ವಲ್ಪ ಸ್ವಲ್ಪ ಇತ್ತು. ಕೆಲಸ ಬಿದ್ದದ್ದು ಬೆಂಗಳೂರಿನ ಎಚ್‌ಎಎಲ್‌ಗೆ ಅಲ್ಲ, ಕಾನ್ಪುರದ ಚಕೇರಿಯಲ್ಲಿ ವಾಯುಪಡೆ ತಾನೇ ತೆರೆದ ತಯಾರಿಕಾ ಡಿಪೋಗೆ. ಅದನ್ನು ನಡೆಸಿದವರು ಏರ್ ವೈಸ್ ಮಾರ್ಷಲ್ ಹರ್ಜಿಂದರ್ ಸಿಂಗ್. ಹವಾಯಿ ಸಿಪಾಯಿಯಾಗಿ, ಅಂದರೆ ವಾಯುಪಡೆಯ ಕೆಳಗಿನ ದರ್ಜೆಯವರಾಗಿ ಸೇರಿ, ಕೈಯಲ್ಲಿ ಸ್ಪ್ಯಾನರ್ ಹಿಡಿದೇ ಮೇಲೆ ಬಂದ ಎಂಜಿನಿಯರ್ ಅವರು. ಅಂದಹಾಗೆ ಈ ಕಾನ್ಪುರಕ್ಕೆ ಹಳೇ ಹೆಸರಿದೆ. ಯುದ್ಧ ಮುಗಿದ ಮೇಲೆ ಅಲ್ಲಿ ಬಿಟ್ಟುಹೋದ, ಬೇಕಂತಲೇ ಕೆಡಿಸಿಟ್ಟ ಲಿಬರೇಟರ್ ಬಾಂಬರ್‌ಗಳನ್ನು ಹೇಗೋ ಹಾರುವ ಸ್ಥಿತಿಗೆ ತಂದು, ಬೆಂಗಳೂರಿಗೆ ಹಾರಿಸಿ, ಎಚ್‌ಎಎಲ್‌ನಲ್ಲಿ ರಿಪೇರಿ ಮಾಡಿ ವಾಯುಪಡೆಗೆ ಸೇರಿಸಿದ್ದರು.

1961ರ ನವೆಂಬರ್ 1ರಂದು ಕಾನ್ಪುರದ ಮೊದಲ ಆವ್ರೊ ಹಾರಿತು. ವುಡ್‌ಫರ್ಡ್‌ನ ಮೊದಲ ಹಾರಾಟವಾಗಿ ಹದಿನಾರು ತಿಂಗಳಷ್ಟೇ ಆಗಿತ್ತು. ಹಿಂದಿನ ವರ್ಷ ತೀರಿಕೊಂಡಿದ್ದ ವಾಯುಪಡೆ ಮುಖ್ಯಸ್ಥ ಸುಬ್ರೊತೊ ಮುಖರ್ಜಿ ಅವರ ನೆನಪಿಗೆ ಅದಕ್ಕೆ 'ಸುಬ್ರೊತೊ' ಎಂದು ಹೆಸರಿಟ್ಟರು. ಆದರೆ ಒಂದು ಮಾತು ಮರೆಯಬಾರದು. ಅದರ ಭಾಗಗಳು ಇಂಗ್ಲೆಂಡಿನಿಂದ ಬಂದಿದ್ದವು, ಇಲ್ಲಿ ಜೋಡಿಸಿದ್ದು. ಭಾಗಗಳನ್ನು ಇಲ್ಲೇ ಮಾಡುವುದು ಹಂತಹಂತವಾಗಿ ನಡೆಯಿತು. ಡಾರ್ಟ್ ಎಂಜಿನ್‌ಗಳನ್ನು ಪರವಾನಗಿ ಮೇಲೆ ಬೆಂಗಳೂರಿನ ಎಚ್‌ಎಎಲ್ ಎಂಜಿನ್ ವಿಭಾಗ ತಯಾರಿಸಿತು. 1964ರಲ್ಲಿ ಕಾನ್ಪುರದ ಡಿಪೋ ಕೂಡ ಎಚ್‌ಎಎಲ್ ಕುಟುಂಬಕ್ಕೆ ಸೇರಿತು. 1980ರ ದಶಕದವರೆಗೆ ಅಲ್ಲಿ ತಯಾರಾದದ್ದು ಒಟ್ಟು 89 ಆವ್ರೊ. ಅದರಲ್ಲಿ 72 ವಾಯುಪಡೆಗೆ, 17 ಇಂಡಿಯನ್ ಏರ್‌ಲೈನ್ಸ್‌ಗೆ. ಲೋಕದಲ್ಲಿ ಒಟ್ಟು ತಯಾರಾದದ್ದು ಸುಮಾರು 380. ಅಂದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಕಾನ್ಪುರದ್ದು. ಕೇಳಲು ಹೆಮ್ಮೆಯೇ. ಆದರೆ 89ನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷಕ್ಕೆ ಹಂಚಿ ನೋಡಿ. ವರ್ಷಕ್ಕೆ ನಾಲ್ಕು ವಿಮಾನ. ಆ ವೇಗದಲ್ಲಿ ಒಂದು ಕಾರ್ಖಾನೆ ಬೆಲೆ ಇಳಿಸಲಾರದು, ಹೊರಗಿನ ಗಿರಾಕಿಯನ್ನು ಹುಡುಕಲಾರದು.

ಇಂಡಿಯನ್ ಏರ್‌ಲೈನ್ಸ್ ಬಳಿ ಆಗಲೇ ಫೋಕರ್ ಫ್ರೆಂಡ್‌ಶಿಪ್‌ಗಳಿದ್ದವು. ಜೊತೆಗೆ ಆವ್ರೊಗಳೂ ಸೇರಿ ಸಣ್ಣ ಊರುಗಳಿಗೆ ಹಾರಿದವು. 1981ರಲ್ಲಿ ಸಣ್ಣ ಊರುಗಳಿಗಾಗಿಯೇ ಶುರುವಾದ ವಾಯುದೂತ್ ಕೂಡ ಇವನ್ನು ಹಾರಿಸಿತು. ಅಪಘಾತಗಳೂ ಆದವು. 1979ರ ಆಗಸ್ಟ್ 4ರಂದು ಪುಣೆಯಿಂದ ಮುಂಬೈಗೆ ಬರುತ್ತಿದ್ದ ಆವ್ರೊ ಪನ್ವೇಲ್ ಹತ್ತಿರ ಬೆಟ್ಟಕ್ಕೆ ಬಡಿದು 45 ಜನ ಸತ್ತರು. ನಮ್ಮ ಮಂಗಳೂರಿನದು ಅದೃಷ್ಟದ ಕಥೆ. 1981ರ ಆಗಸ್ಟ್ 19ರಂದು ಮಳೆಗೆ ಒದ್ದೆಯಾಗಿದ್ದ ಬಜ್ಪೆ ರನ್‌ವೇಯಲ್ಲಿ ಆವ್ರೊ ನಿಲ್ಲದೆ ಅಂಚು ದಾಟಿತು. ಯಾರೂ ಸಾಯಲಿಲ್ಲ. ಆಗ ರಾಜ್ಯದ ಹಣಕಾಸು ಸಚಿವರಾಗಿದ್ದ ವೀರಪ್ಪ ಮೊಯಿಲಿ ಆ ವಿಮಾನದಲ್ಲಿದ್ದರು. ವಿಮಾನ ಮಾತ್ರ ಮತ್ತೆ ಹಾರಲಿಲ್ಲ.

ಹೊರದೇಶಗಳಲ್ಲಿ ಈ ವಿಮಾನ ಮಾಡದ ಕೆಲಸವಿಲ್ಲ. ಉತ್ತರ ಕೆನಡಾದಲ್ಲಿ ಹಿಮ ಮುಚ್ಚಿದ ಜಲ್ಲಿ ಪಟ್ಟಿಗಳಿಗೆ ಜನ, ದಿನಸಿ, ಡೀಸೆಲ್ ಹೊತ್ತಿತು. ರಸ್ತೆಯೇ ಇಲ್ಲದ ಆ ಊರುಗಳಿಗೆ ವಿಮಾನ ಬಂದರೆ ಮಾತ್ರ ಅಂಗಡಿಯಲ್ಲಿ ಸಾಮಾನು. ಕೆರಿಬಿಯನ್‌ನಲ್ಲಿ ದ್ವೀಪದಿಂದ ದ್ವೀಪಕ್ಕೆ, ನೇಪಾಳದಲ್ಲಿ ಕಣಿವೆಗಳ ನಡುವೆ, ಫಿಲಿಪೀನ್ಸ್, ಥಾಯ್ಲೆಂಡ್, ಅರ್ಜೆಂಟೀನಾ ಹೀಗೆ ಪಟ್ಟಿ ದೊಡ್ಡದು. ಬ್ರಿಟನ್ನಿನಲ್ಲಿ ವಿಮಾನ ನಿಲ್ದಾಣಗಳ ರೇಡಿಯೊ ಸಂಕೇತ ಸರಿಯಿದೆಯಾ ಎಂದು ಹಾರಿ ಪರೀಕ್ಷಿಸಲು ಅಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಇದನ್ನು ಇಟ್ಟುಕೊಂಡಿತ್ತು.

ಉತ್ತರ ಸಮುದ್ರದ ತೈಲ ಕೆಲಸಗಾರರನ್ನು ಶೆಟ್ಲೆಂಡ್‌ಗೆ ಒಯ್ಯುವ ಕೆಲಸವೂ ಇದಕ್ಕಿತ್ತು. ಅಲ್ಲೇ 1979ರ ಜುಲೈ 31ರಂದು ಸಂಬರೊ ನಿಲ್ದಾಣದಲ್ಲಿ ಡ್ಯಾನ್-ಏರ್‌ನ 748 ನೆಲ ಬಿಟ್ಟು ಏಳದೆ ಸಮುದ್ರಕ್ಕೆ ಬಿತ್ತು, 17 ಜನ ಸತ್ತರು. ಗಾಳಿಗೆ ರೆಕ್ಕೆ-ಬಾಲದ ಹಲಗೆಗಳು ಬಡಿದುಕೊಳ್ಳದಂತೆ ನಿಲ್ಲಿಸಿದಾಗ ಒಂದು ಬೀಗ ಹಾಕುತ್ತಾರೆ. ವಿಮಾನ ರನ್‌ವೇಯಲ್ಲಿ ಓಡುವಾಗಲೂ ಮೂಗನ್ನು ಎತ್ತುವ ಬಾಲದ ಹಲಗೆಗೆ ಆ ಬೀಗ ಬಿದ್ದೇ ಇತ್ತು. ವಿಮಾನದ ಬೇರೆಲ್ಲವೂ ಚೆನ್ನಾಗಿತ್ತು. ಟೇಕಾಫ್‌ಗೆ ಮೊದಲು ಪೈಲಟ್‌ಗಳು ಕಂಟ್ರೋಲ್‌ಗಳನ್ನು ಆ ತುದಿಯಿಂದ ಈ ತುದಿಗೆ ಆಡಿಸಿ ನೋಡುವುದನ್ನು ಕಂಡಿದ್ದರೆ, ಆ ಅಭ್ಯಾಸದ ಬೆಲೆ ಎಷ್ಟು ಅಂತ ಈ ಒಂದು ಘಟನೆ ಹೇಳುತ್ತದೆ.

ಸೇನೆಯ ಬಳಕೆಯಲ್ಲಿ ಎರಡು ಮುಖ ಇವೆ. ಬ್ರಿಟನ್ನಿನ ವಾಯುಪಡೆ ಇದನ್ನೂ ಹೆರಾಲ್ಡ್ ಅನ್ನೂ ಮಾರ್ಟಲ್‌ಶಮ್ ಹೀತ್‌ನ ಒರಟು ನೆಲದಲ್ಲಿ ಓಡಿಸಿ ನೋಡಿ ಇದನ್ನು ಆರಿಸಿತು. ಹಿಂಬದಿಗೆ ಇಳಿಜಾರು ಬಾಗಿಲು, ಜೀಪ್ ಹತ್ತಲು ಸುಲಭವಾಗಲಿ ಅಂತ ಮಂಡಿಯೂರಿ ಬಗ್ಗುವ ಚಕ್ರದ ಕಾಲು, ಇನ್ನಷ್ಟು ಬಲದ ಎಂಜಿನ್ ಹಾಕಿ ಆಂಡೋವರ್ ಎಂಬ ರೂಪ ಮಾಡಿದರು. 31 ತಯಾರಾದವು. ನಮ್ಮಲ್ಲಿ ಆ ಬಾಗಿಲು ಬರಲಿಲ್ಲ. ಕಾನ್ಪುರದ ಕೊನೆಯ ಸರಣಿಗೆ ಪಕ್ಕದಲ್ಲಿ ದೊಡ್ಡ ಸರಕು ಬಾಗಿಲು ಬಂತು, ಅಷ್ಟೇ. ವಾಹನವನ್ನು ನೇರವಾಗಿ ಒಳಗೆ ಓಡಿಸಲು ಆಗದ ವಿಮಾನ ಯುದ್ಧಭೂಮಿಯ ಸಾಗಣೆಗೆ ಅರ್ಧ ಮಾತ್ರ ಉಪಯೋಗ. ಹಾಗಾಗಿ 1980ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಎಎನ್-32 ಬಂದಾಗ ಭಾರದ ಕೆಲಸ ಅದಕ್ಕೆ ಹೋಯಿತು. ಆವ್ರೊಗೆ ಗಣ್ಯರ ಓಡಾಟ, ಸಿಬ್ಬಂದಿ ಸಾಗಣೆ, ತರಬೇತಿ ಉಳಿದವು. ಗಡಿ ಭದ್ರತಾ ಪಡೆಯೂ ಇದನ್ನು ಹಾರಿಸಿತು. ಶ್ರೀಲಂಕಾದ್ದು ಬೇರೆ ಗತಿ. 1995ರ ಏಪ್ರಿಲ್ 28 ಮತ್ತು 29ರಂದು, ಒಂದರ ಬೆನ್ನಿಗೆ ಒಂದರಂತೆ, ಅಲ್ಲಿನ ವಾಯುಪಡೆಯ ಎರಡು ಆವ್ರೊಗಳನ್ನು ಎಲ್‌ಟಿಟಿಇ ಜಾಫ್ನಾದ ಪಲಾಲಿ ಹತ್ತಿರ ಹೆಗಲ ಕ್ಷಿಪಣಿಯಿಂದ ಹೊಡೆದುರುಳಿಸಿತು. ನಿಧಾನ, ದೊಡ್ಡ, ಬಿಸಿ ಎಂಜಿನ್. ಪ್ರಯಾಣಿಕ ವಿಮಾನವನ್ನು ಯುದ್ಧಕ್ಕೆ ಕಳಿಸಿದರೆ ಆಗುವುದು ಇದು.

ನಮ್ಮಲ್ಲಿ ಆವ್ರೊ ಮೇಲೆ ನಡೆದ ದೊಡ್ಡ ಪ್ರಯೋಗ ಅಂದರೆ ಐರಾವತ. ಆಕಾಶದಿಂದಲೇ ಶತ್ರು ವಿಮಾನ ಪತ್ತೆ ಮಾಡುವ ರೇಡಾರ್ ವಿಮಾನ ಮಾಡಬೇಕು ಎಂದು ಡಿಆರ್‌ಡಿಒ ಆವ್ರೊದ ಬೆನ್ನಿನ ಮೇಲೆ ತಿರುಗುವ ದೊಡ್ಡ ತಟ್ಟೆ ಕೂರಿಸಿತು. 1999ರ ಜನವರಿ 11ರಂದು ಅರಕ್ಕೋಣಂ ಬಳಿ ಆ ತಟ್ಟೆ ಕಿತ್ತುಬಂದು ವಿಮಾನ ಬಿದ್ದಿತು. ವಿಜ್ಞಾನಿಗಳು, ವಾಯುಪಡೆಯವರು ಸೇರಿ ಎಂಟು ಜನ ಸತ್ತರು. ಯೋಜನೆ ನಿಂತಿತು. ಮುಂದೆ ಅದೇ ಕನಸು 'ನೇತ್ರ'ವಾಗಿ ಕೈಗೂಡಿ 2017ರಲ್ಲಿ ವಾಯುಪಡೆಗೆ ಸೇರಿತು. ಆದರೆ ಅದಕ್ಕೆ ಬಳಸಿದ ವಿಮಾನ ಬ್ರೆಜಿಲ್ಲಿನ ಎಂಬ್ರೇರ್.

ಈ ಎಂಬ್ರೇರ್ ಹೆಸರನ್ನು ಸ್ವಲ್ಪ ಹಿಡಿದುಕೊಳ್ಳಿ. ಕಾನ್ಪುರದ ಆವ್ರೊ ಹಾರಿದ್ದು 1961ರಲ್ಲಿ. ಎಂಬ್ರೇರ್ ಕಂಪನಿ ಹುಟ್ಟಿದ್ದೇ 1969ರಲ್ಲಿ. ಅವರು ಶುರು ಮಾಡಿದ್ದು ನಮಗಿಂತ ಚಿಕ್ಕ ವಿಮಾನದಿಂದ. ಬ್ಯಾಂಡೆರಾಂಟೆ ಎಂಬ ಇಪ್ಪತ್ತು ಸೀಟಿನ ಆಸುಪಾಸಿನ ಟರ್ಬೊಪ್ರಾಪ್. ಎಂಜಿನ್ ಕೆನಡಾದ್ದು, ವಿನ್ಯಾಸಕ್ಕೆ ಫ್ರಾನ್ಸಿನ ಅನುಭವಿ ಮ್ಯಾಕ್ಸ್ ಹೋಲ್ಸ್ಟ್ ನೆರವು. ಆದರೆ ನಕ್ಷೆ ತಮ್ಮದು. ಸುಮಾರು 500 ಮಾಡಿ ಅಮೆರಿಕಕ್ಕೂ ಮಾರಿದರು. ಆಮೇಲೆ ಬ್ರಸೀಲಿಯಾ ಎಂಬ ವಿಮಾನ, ಆಮೇಲೆ ಜೆಟ್. ಒಂದೊಂದರಿಂದ ಕಲಿತದ್ದು ಮುಂದಿನದಕ್ಕೆ ಹೋಯಿತು.

ಪರವಾನಗಿಯಲ್ಲಿ ಹಾಗೆ ಆಗುವುದಿಲ್ಲ. ನಕ್ಷೆ ಕೈಗೆ ಬರುತ್ತದೆ, ಆ ಗೆರೆ ಅಲ್ಲೇ ಯಾಕೆ ಬಂತು ಅನ್ನುವುದು ಬರುವುದಿಲ್ಲ. ಈ ತಗಡು ಇಷ್ಟೇ ದಪ್ಪ ಯಾಕೆ, ಈ ತೂತು ಎರಡು ಮಿಲಿಮೀಟರ್ ಆಚೆ ಹೋದರೆ ಏನಾಗುತ್ತದೆ ಎಂದು ಕೇಳಿದರೆ ಉತ್ತರ ವುಡ್‌ಫರ್ಡ್‌ನಲ್ಲಿದೆ. ಕಾನ್ಪುರದವರು ರಿವೆಟ್ ಹೊಡೆಯುವುದರಲ್ಲಿ, ಜಿಗ್ (ಜೋಡಿಸುವಾಗ ಭಾಗಗಳನ್ನು ಹಿಡಿದಿಡುವ ಚೌಕಟ್ಟು) ಕಟ್ಟುವುದರಲ್ಲಿ, ಗುಣಮಟ್ಟ ಕಾಯುವುದರಲ್ಲಿ ಪಳಗಿದರು, ಅದನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಹೊಸ ವಿಮಾನವನ್ನು ಶೂನ್ಯದಿಂದ ಲೆಕ್ಕ ಹಾಕಿ, ಗಾಳಿ ಸುರಂಗದಲ್ಲಿ ಪರೀಕ್ಷಿಸಿ, ನಾಗರಿಕ ಪ್ರಮಾಣಪತ್ರ ತರುವ ತಂಡ ಅದರಿಂದ ಹುಟ್ಟಲಿಲ್ಲ. ನಮ್ಮದೇ ನಕ್ಷೆಯ ಪ್ರಯತ್ನ ಆದದ್ದು ಬೆಂಗಳೂರಿನ ಸರ್ಕಾರಿ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ, ಸಾರಸ್ ಎಂಬ ಹದಿನಾಲ್ಕು ಸೀಟಿನ ವಿಮಾನ. ಅದು ಮೊದಲು ಹಾರಿದ್ದು 2004ರ ಮೇ 29ರಂದು. 2009ರ ಮಾರ್ಚ್‌ನಲ್ಲಿ ಎರಡನೇ ಮಾದರಿ ಬಿಡದಿ ಹತ್ತಿರ ಬಿದ್ದು ವಾಯುಪಡೆಯ ಮೂವರು ಸತ್ತರು. ಯೋಜನೆ ವರ್ಷಗಟ್ಟಲೆ ನಿಂತು, ಮತ್ತೆ ಶುರುವಾಯಿತು.

ಇಂಗ್ಲೆಂಡಿನವರಾದರೂ ಗೆದ್ದರಾ ಅಂದರೆ ಅದೂ ಇಲ್ಲ. 748ನ್ನು ಉದ್ದ ಮಾಡಿ, ಹೊಸ ಎಂಜಿನ್ ಹಾಕಿ ಎಟಿಪಿ ಎಂಬ ವಿಮಾನ ತಂದರು. 1986ರಲ್ಲಿ ಹಾರಿತು. ಅಷ್ಟರಲ್ಲಿ ಫ್ರಾನ್ಸ್-ಇಟಲಿ ಜೊತೆಗೂಡಿ ಮಾಡಿದ ಎಟಿಆರ್ 42 ಬಂದು ಎರಡು ವರ್ಷವಾಗಿತ್ತು. ಕೆನಡಾದ ಡ್ಯಾಶ್ 8 ಕೂಡ ಇತ್ತು. ಎಟಿಪಿ ಅರವತ್ತು ಚಿಲ್ಲರೆಗೆ ನಿಂತುಹೋಯಿತು.

ಎಟಿಆರ್ ಗೆದ್ದದ್ದರಲ್ಲಿ ಎಂಜಿನ್ ಪಾಲು ದೊಡ್ಡದು. ಪ್ರಾಟ್ ಆಂಡ್ ವಿಟ್ನಿ ಕೆನಡಾದ ಪಿಡಬ್ಲ್ಯು100 ಸರಣಿಯಲ್ಲಿ ಪ್ರೊಪೆಲರ್ ತಿರುಗಿಸುವ ಟರ್ಬೈನ್ ಬೇರೆ, ಎಂಜಿನ್‌ನ ಒಳಗನ್ನು ತಿರುಗಿಸುವುದು ಬೇರೆ. ಡಾರ್ಟ್ ಹಾಗೆ ಎಲ್ಲ ಒಂದೇ ದಂಡಕ್ಕೆ ಕಟ್ಟಿಲ್ಲ. ಹಾಗಾಗಿ ಎಟಿಆರ್ ಒಂದು ಜಾಣತನ ಮಾಡಿತು. ನೆಲದಲ್ಲಿ ನಿಂತಾಗ ಬಲಗಡೆಯ ಪ್ರೊಪೆಲರ್‌ಗೆ ಬ್ರೇಕ್ ಹಾಕಿ ನಿಲ್ಲಿಸಿ, ಎಂಜಿನ್ ಮಾತ್ರ ಓಡಿಸಿ ಒಳಗೆ ಎಸಿ, ವಿದ್ಯುತ್ ಕೊಡುತ್ತದೆ. ಇದಕ್ಕಾಗಿ ಬೇರೆ ವಿಮಾನಗಳು ಬಾಲದಲ್ಲಿ ಹೊರುವ ಚಿಕ್ಕ ಸಹಾಯಕ ಎಂಜಿನ್ ಬೇಕಿಲ್ಲ, ಅಷ್ಟು ತೂಕ ಉಳಿಯಿತು. ಇಂಡಿಗೊ, ಅಲಯನ್ಸ್ ಏರ್ ಇದನ್ನೇ ಹಾರಿಸುವುದು ಈ ಉಳಿತಾಯಕ್ಕೆ. ಎಪ್ಪತ್ತು ಸೀಟಿನ ಟರ್ಬೊಪ್ರಾಪ್ ಹೊಸದಾಗಿ ಬೇಕು ಅಂದರೆ ಇವತ್ತು ಲೋಕದಲ್ಲಿ ಆಯ್ಕೆ ಹೆಚ್ಚು ಕಡಿಮೆ ಎಟಿಆರ್ ಒಂದೇ.

ವಾಯುಪಡೆಯ ಆವ್ರೊಗಳಿಗೆ ಬದಲಿ ಬಂದದ್ದು ಸಿ-295. 2021ರಲ್ಲಿ 56 ವಿಮಾನಗಳಿಗೆ ಒಪ್ಪಂದವಾಯಿತು. 16 ಸ್ಪೇನಿನ ಸೆವಿಯ್ಯಾದಿಂದ, 40 ವಡೋದರಾದ ಟಾಟಾ ಕಾರ್ಖಾನೆಯಿಂದ. ಮೊದಲನೆಯದು 2023ರ ಸೆಪ್ಟೆಂಬರ್‌ನಲ್ಲಿ ಕೈಸೇರಿತು. ಇದಕ್ಕೆ ಹಿಂಬದಿ ಬಾಗಿಲು ಇದೆ, ಎಂಜಿನ್ ಎಟಿಆರ್ 72ರ ಎಂಜಿನ್ ಕುಟುಂಬದ್ದೇ.

ಎಸ್‌ಜೆ-100 ವಿಚಾರಕ್ಕೆ ಬಂದರೆ, 2025ರ ಅಕ್ಟೋಬರ್‌ನಲ್ಲಿ ಎಚ್‌ಎಎಲ್ ಸಹಿ ಹಾಕಿದ್ದು ರಷ್ಯಾದ ಯುನೈಟೆಡ್ ಏರ್‌ಕ್ರಾಫ್ಟ್ ಕಾರ್ಪೊರೇಷನ್ ಜೊತೆಗಿನ ತಿಳಿವಳಿಕೆ ಪತ್ರಕ್ಕೆ. ಅದು ಸುಮಾರು ನೂರು ಸೀಟಿನ ಜೆಟ್, ಟರ್ಬೊಪ್ರಾಪ್ ಅಲ್ಲ. ಹಾಗಾಗಿ ಎಟಿಆರ್ ಇಳಿಯುವ ಪುಟ್ಟ ರನ್‌ವೇಗಳಿಗೆ ಅದು ಬದಲಿಯಲ್ಲ. ಮೊದಲು ಗಮನಿಸಬೇಕಾದದ್ದು ವರ್ಷಕ್ಕೆ ಎಷ್ಟು ತಯಾರಾಗುತ್ತವೆ ಅನ್ನುವುದಲ್ಲ. ವಿನ್ಯಾಸದ ಲೆಕ್ಕಗಳು, ಅದನ್ನು ಬದಲಿಸುವ ಹಕ್ಕು ನಮ್ಮ ಕೈಗೆ ಬರುತ್ತದಾ ಅನ್ನುವುದು.

ಡಾರ್ನಿಯರ್ ಅಭಿಮಾನಿಗಳು ಇಷ್ಟು ಹೊತ್ತಿಗೆ ಮುನಿಸಿಕೊಂಡಿರುತ್ತಾರೆ. ಅವರ ಮಾತೂ ನ್ಯಾಯವೇ. ಆವ್ರೊ ನಂತರ ಕಾನ್ಪುರ ಸುಮ್ನೆ ಕೂರಲಿಲ್ಲ. ಜರ್ಮನಿಯ 19 ಸೀಟಿನ ಡಾರ್ನಿಯರ್ 228ನ್ನು 1980ರ ದಶಕದಿಂದ ಪರವಾನಗಿ ಮೇಲೆ ಕಟ್ಟುತ್ತಾ ಬಂದಿದೆ, ಹೆಚ್ಚಿನವು ಸೇನೆಗೆ, ಕರಾವಳಿ ಕಾವಲು ಪಡೆಗೆ. 2022ರ ಏಪ್ರಿಲ್ 12ರಂದು ಅಲಯನ್ಸ್ ಏರ್ ಕಾನ್ಪುರದ ಡಾರ್ನಿಯರ್ ಒಂದನ್ನು ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟ್‌ಗೆ ಟಿಕೆಟ್ ಕೊಂಡ ಪ್ರಯಾಣಿಕರ ಜೊತೆ ಹಾರಿಸಿತು. 'ಪೂರ್ಣ ಪ್ರಯಾಣಿಕ ವಿಮಾನ' ಎಂಬ ಲೆಕ್ಕಕ್ಕೆ ಅದನ್ನು ಸೇರಿಸಬೇಕಾ ಬೇಡವಾ ಎಂದು ಚರ್ಚೆ ಮಾಡಬಹುದು. ನಾನಾದರೆ ಸೇರಿಸುತ್ತೇನೆ.